ಬೇಕ್ ಮಾಡಿದ ಚಾಕೊಲೇಟ್ ಡೋನಟ್: ಒಂದು ಡಜನ್‌ನ ಪೂರ್ತಿ ಲೆಕ್ಕ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಫೋನನ್ನ ಡಬ್ಬಕ್ಕೆ ಒರಗಿಸಿಟ್ಟು ತರಕಾರಿ ಹೆಚ್ತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಉದ್ದಿನ ವಡೆಗೆ ತೂತು ಯಾಕೆ?

ಚಿಕ್ಕವನಿದ್ದಾಗ ನಾನು ಬೆರಳಿಗೆ ಸಿಕ್ಕಿಸ್ಕೊಂಡು ತಿನ್ನೋಕೆ ಅಂತ ಅಂದ್ಕೊಂಡಿದ್ದೆ. ನಿಜವಾದ ಕಾರಣ ಸರಳ. ದಪ್ಪ ಹಿಟ್ಟನ್ನ ಹಾಗೇ ಎಣ್ಣೆಗೆ ಬಿಟ್ರೆ ಹೊರಗೆ ಕೆಂಪಗಾಗುತ್ತೆ, ನಡುವೆ ಹಸಿ ಉಳಿಯುತ್ತೆ. ನಡುವಿನ ಭಾಗವನ್ನೇ ತೆಗೆದುಬಿಟ್ರೆ ಶಾಖ ಒಳಗಿಂದಲೂ ಹೊರಗಿಂದಲೂ ತಾಗುತ್ತೆ, ಎಲ್ಲ ಕಡೆ ಒಂದೇ ಸಮ ಬೇಯುತ್ತೆ. ಡೋನಟ್ ತೂತಿಗೂ ಇದೇ ಕಾರಣ. 1847ರಲ್ಲಿ ಹಡಗಿನಲ್ಲಿದ್ದಾಗ ಈ ತೂತನ್ನ ನಾನೇ ಕಂಡುಹಿಡಿದೆ ಅಂತ ಅಮೆರಿಕದ ನಾವಿಕ ಹ್ಯಾನ್ಸನ್ ಗ್ರೆಗೊರಿ ಹೇಳಿಕೊಂಡಿದ್ದ. ಹೇಳಿಕೊಳ್ಳಲಿ. ನಮ್ಮ ಅಜ್ಜಿಯಂದಿರು ಬಾಳೆಲೆ ಮೇಲೆ ವಡೆ ತಟ್ಟಿ ನಡುವೆ ಬೆರಳು ಒತ್ತುವಾಗ ಯಾರ ಹತ್ರಾನೂ ಹೇಳಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಸಂಚಿಕೆಯಲ್ಲಿ ಮೂರು ವಿಷಯ ಇದೆ. ಒಂದು, ಮನೇಲಿ ಬೇಕ್ ಮಾಡೋ ಚಾಕೊಲೇಟ್ ಡೋನಟ್‌ನ ರೆಸಿಪಿ, ಮೊಟ್ಟೆ ಇಲ್ಲದ್ದು. ಎರಡು, ಅದು ಯಾಕೆ ಕೆಡುತ್ತೆ, ಹೇಗೆ ಕೆಡದ ಹಾಗೆ ನೋಡ್ಕೋಬೇಕು. ಮೂರನೇದು ಲೆಕ್ಕ. ನಾನು ಬಿ.ಕಾಂ. ಮಾಡಿದವನು. ನಮ್ಮಮ್ಮ ಮೈಸೂರಿನ ನಮ್ಮ ಮನೆಯಲ್ಲಿ ಡೋನಟ್ ಮಾಡಿ ಮಾರೋಕೆ ಶುರು ಮಾಡಿದಾಗ ಅದರ ಲೆಕ್ಕ ಬರೆದವನು ನಾನೇ. ಆ ಲೆಕ್ಕದಲ್ಲಿ ಒಂದು ತಪ್ಪು ಮಾಡಿದೆ. ಆ ತಪ್ಪನ್ನ ಹೇಳೋಕೇ ಈ ಸಂಚಿಕೆ.

ಮೊದಲು ರೆಸಿಪಿ

ಒಂದು ವಿಷಯ ಮೊದಲೇ ಒಪ್ಕೊಂಡುಬಿಡೋಣ. ಅಂಗಡಿಯಲ್ಲಿ ಸಿಗೋ ಮೆತ್ತನೆಯ, ಉಬ್ಬಿದ ಡೋನಟ್ ಸಾಮಾನ್ಯವಾಗಿ ಯೀಸ್ಟ್ ಹಾಕಿ ಹುದುಗಿಸಿ, ಎಣ್ಣೆಯಲ್ಲಿ ಕರಿದದ್ದು. ನಾವು ಇವತ್ತು ಮಾಡೋದು ಅದಲ್ಲ. ಇದು ಬಳೆ ಆಕಾರದ ಕೇಕ್. ಕರಿದದ್ದರ ರುಚಿ ಇದರಲ್ಲಿ ಹುಡುಕಿದ್ರೆ ನಿರಾಸೆ ಆಗುತ್ತೆ. ಕೇಕ್ ಅಂದ್ಕೊಂಡು ತಿಂದ್ರೆ ಖುಷಿಯಾಗುತ್ತೆ.

12 ಡೋನಟ್‌ಗೆ ಬೇಕಾದದ್ದು ಹೇಳ್ತೀನಿ, ಬರ್ಕೊಳ್ಳಿ. ಮೈದಾ 125 ಗ್ರಾಂ. ಸಿಹಿ ಇಲ್ಲದ ಕೋಕೋ ಪುಡಿ 25 ಗ್ರಾಂ. ಪುಡಿ ಮಾಡಿದ ಸಕ್ಕರೆ 100 ಗ್ರಾಂ. ಗಟ್ಟಿ ಮೊಸರು 120 ಗ್ರಾಂ. ಹಾಲು 80 ಮಿಲಿ. ವಾಸನೆ ಇಲ್ಲದ ಅಡುಗೆ ಎಣ್ಣೆ 40 ಮಿಲಿ. ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ವೆನಿಲಾ ಎಸೆನ್ಸ್ ಅರ್ಧ ಟೀ ಚಮಚ, ಒಂದು ಚಿಟಿಕೆ ಉಪ್ಪು. ಮೇಲೆ ಅದ್ದೋಕೆ ಡಾರ್ಕ್ ಕಾಂಪೌಂಡ್ ಚಾಕೊಲೇಟ್ 100 ಗ್ರಾಂ. ದಯವಿಟ್ಟು ಲೋಟದ ಅಳತೆ ಬಿಟ್ಟು ತೂಕದ ಯಂತ್ರ ಬಳಸಿ. ಮೈದಾನ ಒತ್ತಿ ತುಂಬಿದ ಲೋಟಕ್ಕೂ ಸಡಿಲವಾಗಿ ತುಂಬಿದ ಲೋಟಕ್ಕೂ ಸುಲಭವಾಗಿ 30 ಗ್ರಾಂ ವ್ಯತ್ಯಾಸ ಬರುತ್ತೆ. ಇಷ್ಟು ಸಣ್ಣ ಅಳತೆಯಲ್ಲಿ 30 ಗ್ರಾಂ ಅಂದ್ರೆ ಡೋನಟ್ ಹೋಗಿ ಬಿಸ್ಕತ್ ಆಗುತ್ತೆ.

ಓಟಿಜಿಯನ್ನ 180 ಡಿಗ್ರಿಗೆ ಇಟ್ಟು 10 ನಿಮಿಷ ಮೊದಲೇ ಕಾಯಿಸಿ. ಹಾಲನ್ನ ಬಿಸಿ ಮಾಡಿ ಕೋಕೋ ಪುಡಿಗೆ ಹಾಕಿ ಗಂಟಿಲ್ಲದ ಹಾಗೆ ಕದಡಿ. ಬಿಸಿ ತಾಗಿದ್ರೆ ಕೋಕೋದ ಘಮ ಚೆನ್ನಾಗಿ ಬಿಡುತ್ತೆ, ತಣ್ಣಗೆ ಹಾಕಿದ್ರೆ ಪುಡಿ ಪುಡಿ ರುಚಿ ಉಳಿಯುತ್ತೆ. ಅದು ಉಗುರು ಬೆಚ್ಚಗಾದ ಮೇಲೆ ಸಕ್ಕರೆ, ಮೊಸರು, ಎಣ್ಣೆ, ವೆನಿಲಾ ಹಾಕಿ ಕಲಸಿ. ಇನ್ನೊಂದು ಪಾತ್ರೆಯಲ್ಲಿ ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಒಟ್ಟಿಗೆ ಎರಡು ಸಲ ಜರಡಿ ಹಿಡೀರಿ. ಆಮೇಲೆ ಎರಡನ್ನೂ ಸೇರಿಸಿ, ಒಣ ಹಿಟ್ಟು ಕಾಣದ ತನಕ ಮಾತ್ರ ಕಲಸಿ. ಅಲ್ಲಿಗೆ ಕೈ ನಿಲ್ಲಿಸಿ.

ಇಲ್ಲೇ ಜಾಸ್ತಿ ಜನ ಎಡವೋದು. ಚಪಾತಿ ಹಿಟ್ಟು ನಾದಿ ನಾದಿ ಅಭ್ಯಾಸ ಆಗಿರೋ ಕೈ ನಮ್ದು. ಎಷ್ಟು ನಾದಿದ್ರೆ ಅಷ್ಟು ಮೆತ್ತಗೆ ಅಂದ್ಕೋತೀವಿ. ಕೇಕ್ ಹಿಟ್ಟಲ್ಲಿ ಇದು ಉಲ್ಟಾ. ಮೈದಾದ ಪ್ರೋಟೀನ್ ನೀರಿನ ಜೊತೆ ಸೇರಿ ಗ್ಲುಟೆನ್ ಅನ್ನೋ ಜಾಲ ಆಗುತ್ತೆ. ಕಲಸಿದಷ್ಟೂ ಆ ಜಾಲ ಬಲವಾಗುತ್ತೆ. ಆಗ ಡೋನಟ್ ರಬ್ಬರ್ ಥರ ಎಳೆಯುತ್ತೆ, ಕತ್ತರಿಸಿದ್ರೆ ಒಳಗೆ ಸುರಂಗದ ಹಾಗೆ ಉದ್ದುದ್ದ ತೂತುಗಳು ಕಾಣುತ್ತವೆ.

ಡೋನಟ್ ಟ್ರೇಗೆ ಎಣ್ಣೆ ಸವರಿ, ನಡುವಿನ ಗುಬುಟಿಗೂ ಸವರೋದು ಮರೀಬೇಡಿ, ಹಿಟ್ಟನ್ನ ಹಾಲಿನ ಕವರ್‌ಗೆ ತುಂಬಿ ಮೂಲೆ ಕತ್ತರಿಸಿ. ಮೆಹಂದಿ ಕೋನ್ ಥರ ಹಿಡಿದು ಗುಳಿಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಬಿಡಿ. ಒಂದಕ್ಕೆ ಸುಮಾರು 40 ಗ್ರಾಂ ಸಾಕು. ಜಾಸ್ತಿ ತುಂಬಿದ್ರೆ ಉಬ್ಬಿ ತೂತು ಮುಚ್ಚಿಹೋಗುತ್ತೆ. 10ರಿಂದ 12 ನಿಮಿಷ ಬೇಯಿಸಿ. ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಮತ್ತೆ ಮೇಲೆ ಬರಬೇಕು. ಒತ್ತಿದ ಗುರುತು ಹಾಗೇ ಉಳಿದ್ರೆ ಇನ್ನೊಂದು ನಿಮಿಷ ಬಿಡಿ. ತೆಗೆದು 5 ನಿಮಿಷ ಟ್ರೇಯಲ್ಲೇ ಇಟ್ಟು ಆಮೇಲೆ ಬೋರಲು ಹಾಕಿ. ಬಿಸಿ ಬಿಸಿ ಕಿತ್ರೆ ಅರ್ಧ ಟ್ರೇಗೇ ಅಂಟಿಕೊಳ್ಳುತ್ತೆ.

ಟ್ರೇ ಇಲ್ವಾ? ಮನೇಲಿ ಪಡ್ಡು ಹಂಚು ಇರುತ್ತಲ್ಲ, ಅದರಲ್ಲಿ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಬೇಯಿಸಿ, ಒಂದು ಸಲ ತಿರುವಿ ಹಾಕಿ. ತೂತು ಬರಲ್ಲ, ಗುಂಡಗೆ ಬರುತ್ತೆ. ರುಚಿ ಅದೇ. ಸುಮ್ಮನೆ ಆಸೆಗೆ ಒಂದು ಸಲ ಮಾಡೋರು ಅದಕ್ಕಾಗಿ ಟ್ರೇ ತಗೋಬೇಡಿ.

ಸೋಡಾ, ಮೊಸರು, ಕೋಕೋ

ಈಗ ಸ್ವಲ್ಪ ವಿಜ್ಞಾನ. ಬೇಜಾರಾಗಬೇಡಿ, ಎರಡೇ ನಿಮಿಷ.

ಅಡುಗೆ ಸೋಡಾ ಕ್ಷಾರ. ಅದಕ್ಕೆ ಹುಳಿ ಸಿಕ್ಕಿದ್ರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ, ಆ ಗುಳ್ಳೆಗಳೇ ಹಿಟ್ಟನ್ನ ಎತ್ತೋದು. ನಮ್ಮ ರೆಸಿಪಿಯಲ್ಲಿ ಹುಳಿ ಮೊಸರಿಂದ ಬರುತ್ತೆ. ಅದಕ್ಕೇ ನಿನ್ನೆ ಹೆಪ್ಪು ಹಾಕಿದ, ಸ್ವಲ್ಪ ಹುಳಿ ಬಂದಿರೋ ಮೊಸರು ಒಳ್ಳೇದು. ಇನ್ನೂ ಉಬ್ಬಲಿ ಅಂತ ಸೋಡಾ ಜಾಸ್ತಿ ಹಾಕಿದ್ರೆ, ಹುಳಿ ಸಿಗದೆ ಉಳಿದ ಸೋಡಾ ಸೋಪಿನ ಥರ ರುಚಿ ಕೊಡುತ್ತೆ. ಇನ್ನೊಂದು ಮಾತು. ಸೋಡಾ ಮತ್ತು ಮೊಸರು ಸೇರಿದ ಕ್ಷಣದಿಂದಲೇ ಗುಳ್ಳೆ ಏಳೋಕೆ ಶುರು. ಹಿಟ್ಟು ಕಲಸಿಟ್ಟು ಫೋನ್‌ನಲ್ಲಿ ಮಾತಾಡ್ತಾ ನಿಂತ್ರೆ ಗಾಳಿಯೆಲ್ಲ ಹೋಗಿರುತ್ತೆ. ಓವನ್ ಬಿಸಿಯಾದ ಮೇಲೇ ಸೇರಿಸಿ.

ಕೋಕೋ ಪುಡಿಯಲ್ಲಿ ಎರಡು ಥರ ಇದೆ. ಒಂದು ಸಹಜ ಪುಡಿ, ತಿಳಿ ಕಂದು ಬಣ್ಣ, ಸ್ವಲ್ಪ ಹುಳಿ ಗುಣ. ಇನ್ನೊಂದು ಕ್ಷಾರದಿಂದ ಸಂಸ್ಕರಿಸಿದ್ದು, ಡಚ್ ಪ್ರೋಸೆಸ್ಡ್ ಅಂತಾರೆ. 19ನೇ ಶತಮಾನದಲ್ಲಿ ನೆದರ್ಲೆಂಡ್ಸ್‌ನ ವ್ಯಾನ್ ಹೌಟೆನ್ ತಂದ ವಿಧಾನ ಅದು. ಬಣ್ಣ ಗಾಢ, ರುಚಿ ಮೃದು, ಆದ್ರೆ ಹುಳಿ ಹೋಗಿರುತ್ತೆ. ಹುಳಿಗೆ ಮೊಸರು ಇರೋದ್ರಿಂದ ನಮ್ಮ ರೆಸಿಪಿಗೆ ಎರಡೂ ನಡೆಯುತ್ತೆ. ಮೊಸರಿಲ್ಲದ ರೆಸಿಪಿ ಸಿಕ್ಕಿದ್ರೆ ಮಾತ್ರ ಅಲ್ಲಿ ಯಾವ ಪುಡಿ ಅಂತ ನೋಡಿ.

ಈ ಕೋಕೋ ದೂರದ ಬೆಳೆ ಅಂತ ಅಂದ್ಕೋಬೇಡಿ. ದಕ್ಷಿಣ ಕನ್ನಡದ ಕೇಳುಗರಿಗೆ ಹೇಳಬೇಕಾಗೇ ಇಲ್ಲ. ಅಲ್ಲಿ ಅಡಿಕೆ ತೋಟದ ನೆರಳಲ್ಲಿ ಕೊಕ್ಕೋ ಬೆಳೀತಾರೆ. ಹಣ್ಣು ಒಡೆದ್ರೆ ಬೀಜದ ಸುತ್ತ ಬಿಳೀ ಲೋಳೆ, ಸಿಹಿ ಹುಳಿ, ಮಕ್ಕಳು ಚೀಪಿ ಉಗುಳೋದು ಅದನ್ನೇ. ಆ ಹಸಿ ಬೀಜಕ್ಕೆ ಚಾಕೊಲೇಟ್ ಪರಿಮಳ ಒಂದಿಷ್ಟೂ ಇರಲ್ಲ. ರಾಶಿ ಹಾಕಿ ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದ ಮೇಲೇ ಆ ವಾಸನೆ ಬರೋದು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಶುರುವಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೀತು.

ಮೇಲೆ ಅದ್ದೋ ಚಾಕೊಲೇಟ್ ಬಗ್ಗೆ ಚಿಕ್ಕ ಮಾತು. ಅಸಲಿ ಚಾಕೊಲೇಟಲ್ಲಿ ಕೋಕೋ ಬೆಣ್ಣೆ ಇರುತ್ತೆ. ಅದು ನಮ್ಮ ಮೈ ಬಿಸಿಗಿಂತ ಸ್ವಲ್ಪ ಕಡಿಮೆ ಶಾಖಕ್ಕೇ ಕರಗುತ್ತೆ, ಅದಕ್ಕೇ ಬಾಯಲ್ಲಿಟ್ಟ ಕೂಡಲೇ ಕರಗೋದು. ಆದ್ರೆ ಅದನ್ನ ಹೊಳಪು ಬರೋ ಹಾಗೆ ಗಟ್ಟಿ ಮಾಡೋಕೆ ಶಾಖವನ್ನ ಏರಿಸಿ ಇಳಿಸಿ ಹದ ಮಾಡಬೇಕು, ಟೆಂಪರಿಂಗ್ ಅಂತಾರೆ. ಕಾಂಪೌಂಡಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯ ಕೊಬ್ಬು ಇರುತ್ತೆ. ರುಚಿ ಒಂದು ಮೆಟ್ಟಿಲು ಕೆಳಗೆ, ಆದ್ರೆ ಹದ ಮಾಡೋ ತಾಪತ್ರಯ ಇಲ್ಲ, ಏಪ್ರಿಲ್ ಬಿಸಿಲಲ್ಲೂ ಸ್ವಲ್ಪ ತಡೆಯುತ್ತೆ. ಸಣ್ಣ ಬಟ್ಟಲಲ್ಲಿ ಹಾಕಿ, ಬಿಸಿನೀರಿನ ಪಾತ್ರೆ ಮೇಲಿಟ್ಟು ಕರಗಿಸಿ, ಒಂದು ಟೀ ಚಮಚ ಎಣ್ಣೆ ಸೇರಿಸಿ. ಒಂದು ಹನಿ ನೀರು ಬಿದ್ರೂ ಚಾಕೊಲೇಟ್ ಗಂಟು ಗಂಟಾಗಿ ಕೂತುಬಿಡುತ್ತೆ. ಚಮಚ, ಬಟ್ಟಲು ಒರೆಸಿ ಇಟ್ಕೊಳ್ಳಿ. ಡೋನಟ್ ಪೂರ್ತಿ ಆರಿರಬೇಕು, ಇಲ್ಲಾಂದ್ರೆ ಅದ್ದಿದ್ದು ಜಾರುತ್ತೆ.

‘ಬೇಕ್ ಮಾಡಿದ್ದು, ಹೆಲ್ದಿ’ ಅನ್ನೋ ಮಾತಿಗೂ ಉತ್ತರ ಹೇಳಿಬಿಡ್ತೀನಿ. ಎಣ್ಣೆ ಕಡಿಮೆ, ನಿಜ. ಒಂದು ಡೋನಟ್‌ಗೆ ಮೂರೂವರೆ ಮಿಲಿಗಿಂತ ಕಡಿಮೆ. ಸಕ್ಕರೆ? ಹಿಟ್ಟಿಂದ 8 ಗ್ರಾಂ, ಮೇಲಿನ ಚಾಕೊಲೇಟಿಂದ ಸುಮಾರು 4 ಗ್ರಾಂ. ಒಟ್ಟು 12. ದಿನಕ್ಕೆ ಹೊರಗಿಂದ ಸೇರಿಸಿದ ಸಕ್ಕರೆ ಸುಮಾರು 25 ಗ್ರಾಂ ಒಳಗಿದ್ರೆ ಇನ್ನೂ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಡೋನಟ್ ತಿಂದ್ರೆ ಆ ದಿನದ ಕಾಫಿ ಸಕ್ಕರೆ ಇಲ್ಲದೇ ಕುಡೀಬೇಕು. ಖುಷಿಗೆ ತಿನ್ನಿ, ಆರೋಗ್ಯದ ಹೆಸರಲ್ಲಿ ತಿನ್ನಬೇಡಿ.

ನನ್ನ ಎಕ್ಸೆಲ್ ಶೀಟ್

ಈಗ ಲೆಕ್ಕಕ್ಕೆ ಬರೋಣ.

ಅಮ್ಮ ಡೋನಟ್ ಮಾಡೋಕೆ ಕಲಿತದ್ದು ನನ್ನ ತಂಗಿಯ ಹುಟ್ಟುಹಬ್ಬಕ್ಕೆ. ಪಕ್ಕದ ಮನೆಯವರು ತಿಂದ್ರು, ಅವರ ಮಗಳ ಟ್ಯೂಷನ್ ಮಕ್ಕಳು ತಿಂದ್ರು, ‘ಆಂಟಿ ನಮಗೂ ಮಾಡಿಕೊಡ್ತೀರಾ’ ಅಂತ ಶುರುವಾಯ್ತು. ಅಮ್ಮನಿಗೆ 54 ವರ್ಷ. ಮದುವೆಯಾದ ಮೇಲೆ ತನ್ನದು ಅಂತ ಸಂಪಾದನೆ ಇರಲಿಲ್ಲ. ಸಾಸಿವೆ ಡಬ್ಬದ ಹಿಂದೆ ಒಂದಿಷ್ಟು ನೋಟು ಇಟ್ಟಿರ್ತಾಳೆ, ಅದೂ ಮನೆಖರ್ಚಲ್ಲಿ ಉಳಿಸಿದ್ದು. ಅವಳು ನನ್ನ ಹತ್ರ ಬಂದು, ‘ಇದನ್ನ ಸರಿಯಾಗಿ ಮಾಡೋಣ ಕಣೋ, ನೀನು ಓದಿದ್ದೀಯಲ್ಲ, ಲೆಕ್ಕ ನೋಡ್ಕೋ’ ಅಂದ್ಲು. ನನಗೆ ಎಷ್ಟು ಖುಷಿ ಅಂದ್ರೆ ಅವತ್ತು ರಾತ್ರಿನೇ ಎಕ್ಸೆಲ್ ತೆರೆದೆ.

ಒಂದು ಡಜನ್‌ಗೆ ನಾನು ಬರೆದದ್ದು ಹೀಗೆ. ಆಗ ನಮಗೆ ಬಿದ್ದ ಬೆಲೆಗಳು ಇವು. ಮೈದಾ, ಸಕ್ಕರೆ ಸೇರಿ 11 ರೂಪಾಯಿ. ಕೋಕೋ ಪುಡಿ 25. ಮೊಸರು, ಹಾಲು 10. ಎಣ್ಣೆ 6. ಸೋಡಾ, ವೆನಿಲಾ ಇತ್ಯಾದಿ 3. ಕಾಂಪೌಂಡ್ ಚಾಕೊಲೇಟ್ 40. ಒಟ್ಟು ಸಾಮಾನು 95 ರೂಪಾಯಿ. ಆರರ ಎರಡು ಬಾಕ್ಸ್‌ಗೆ 24, ಕರೆಂಟಿಗೆ ಒಂದು ಯೂನಿಟ್ ಅಂತ 7. ಎಲ್ಲ ಸೇರಿ 126. ಅಂದ್ರೆ ಒಂದು ಡೋನಟ್‌ಗೆ ಹತ್ತೂವರೆ ರೂಪಾಯಿ.

ಇಲ್ಲಿ ಗಮನಿಸಿ, ಸಾಮಾನಿನ ದುಡ್ಡಲ್ಲಿ ಮೂರನೇ ಎರಡು ಭಾಗ ಕೋಕೋ ಪುಡಿ, ಚಾಕೊಲೇಟ್ ಎರಡಕ್ಕೇ ಹೋಗುತ್ತೆ. 2024ರಲ್ಲಿ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಬೆಳೆ ಕೈಕೊಟ್ಟು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತ್ತು. ಮನೇಲಿ ಕೂತು ಡೋನಟ್ ಮಾಡೋರೂ ಈ ಸುದ್ದಿ ಓದ್ತಿರಬೇಕು. ಬೆಲೆ ಪಟ್ಟಿಯನ್ನ ಒಂದು ಸಲ ಬರೆದು ವರ್ಷಗಟ್ಟಲೆ ಬಿಡೋಕಾಗಲ್ಲ.

ಬೆಲೆ ಎಷ್ಟಿಡೋದು? ಹೊಸಬರು, ಜನ ಬರಬೇಕು ಅಂತ ಒಂದಕ್ಕೆ 15 ರೂಪಾಯಿ ಇಟ್ಟೆ. ಡಜನ್‌ಗೆ 180. ಖರ್ಚು 126. ಲಾಭ 54. ಶೀಟಲ್ಲಿ ಆ ಸಾಲಿಗೆ ಹಸಿರು ಬಣ್ಣ ಹಚ್ಚಿದೆ.

ಮೂರು ತಿಂಗಳು ನಡೀತು. ಆರ್ಡರ್ ಬಂದ ಹಾಗೆ, ಇವತ್ತು ಒಂದು ಡಜನ್, ನಾಳೆ ಒಂದು ಡಜನ್. ಒಟ್ಟು 90 ಡಜನ್. ವ್ಯಾಪಾರ 16,200 ರೂಪಾಯಿ. ಖರ್ಚು 11,340. ಉಳಿದದ್ದು 4,860. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಲ್ಯಾಪ್‌ಟಾಪ್ ತಂದು ಅಮ್ಮನ ಮುಂದೆ ಇಟ್ಟೆ. ‘ನೋಡಮ್ಮ, ಒಂದು ತಿಂಗಳೂ ಲಾಸ್ ಇಲ್ಲ’ ಅಂದೆ.

ಅಮ್ಮ ಕನ್ನಡಕ ಹಾಕ್ಕೊಂಡು ನೋಡಿದ್ಲು. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದ್ಲು. ಮೈದಾ, ಸಕ್ಕರೆ, ಬಾಕ್ಸು, ಕರೆಂಟು. ಕೊನೇ ತನಕ ಬಂದು ಮತ್ತೆ ಮೇಲಕ್ಕೆ ಹೋದ್ಲು. ಆಮೇಲೆ ಕೇಳಿದ್ಲು, ‘ಇದ್ರಲ್ಲಿ ನಾನು ಎಲ್ಲಿದ್ದೀನೋ?’

ಕೋಪದಿಂದ ಕೇಳಿದ್ದಲ್ಲ. ನಿಜವಾಗ್ಲೂ ಹುಡುಕ್ತಾ ಇದ್ಲು. ಎಲ್ಲೋ ಬರೆದಿರ್ತಾನೆ, ತನಗೇ ಕಾಣ್ತಿಲ್ಲ ಅಂದ್ಕೊಂಡಿದ್ಲು.

ನಾನು ತಕ್ಷಣ ‘ಲಾಭ ಎಲ್ಲ ನಿಂದೇ ಅಲ್ವಾಮ್ಮ’ ಅಂದೆ. ಹೇಳ್ತಾ ಹೇಳ್ತಾನೇ ನನಗೆ ಗೊತ್ತಾಯ್ತು ಆ ಉತ್ತರ ತಪ್ಪು ಅಂತ. ಬಿ.ಕಾಂ. ಓದಿದೋರಿಗೆ ಗೊತ್ತು, ಕಾಸ್ಟ್ ಅಕೌಂಟಿಂಗ್‌ನ ಮೊದಲ ಪಾಠದಲ್ಲೇ ಬರುತ್ತೆ. ನೇರ ಸಾಮಗ್ರಿ, ನೇರ ಕೂಲಿ, ನೇರ ವೆಚ್ಚ, ಮೂರೂ ಸೇರಿದ್ರೆ ಪ್ರೈಮ್ ಕಾಸ್ಟ್. ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೀನೋ. ಮನೆಯಲ್ಲಿ ಬರೆಯುವಾಗ ನೇರ ಕೂಲಿ ಅನ್ನೋ ಸಾಲನ್ನೇ ಹಾಕಿರಲಿಲ್ಲ. ಸೊನ್ನೆ ಅಂತಾನೂ ಬರೆದಿರಲಿಲ್ಲ. ಸಾಲೇ ಇರಲಿಲ್ಲ. ಬೇರೆ ಯಾರಾದ್ರೂ ಕೆಲಸಕ್ಕೆ ಬಂದಿದ್ರೆ ಮೊದಲು ಅವರ ಸಂಬಳ ಬರೀತಿದ್ದೆ. ಅಮ್ಮ ಆಗಿದ್ರಿಂದ ನೆನಪಿಗೇ ಬರಲಿಲ್ಲ.

ನಿಮಿಷಗಳು

ಮಾರನೇ ದಿನ ಫೋನಿನ ಸ್ಟಾಪ್‌ವಾಚ್ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತೆ. ‘ಏನೋ ಇದು, ಓಟದ ಪಂದ್ಯನಾ?’ ಅಂತ ಅಮ್ಮ ನಕ್ಕಳು. ಒಂದು ಡಜನ್‌ಗೆ ಹೀಗಾಯ್ತು. ತೂಗೋದು, ಜರಡಿ ಹಿಡಿಯೋದು 15 ನಿಮಿಷ. ಕಲಸೋದು 10. ಟ್ರೇಗೆ ತುಂಬಿ ಎರಡು ಸಲ ಬೇಯಿಸೋದು 30. ಚಾಕೊಲೇಟ್ ಕರಗಿಸಿ ಅದ್ದೋದು 20. ಬಾಕ್ಸ್‌ಗೆ ಹಾಕೋದು 10. ಪಾತ್ರೆ, ಟ್ರೇ ತೊಳೆಯೋದು 20. ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಉತ್ತರ ಕೊಡೋದು 10. ಒಟ್ಟು 115 ನಿಮಿಷ. ಆರೋಕೆ ಬಿಟ್ಟ ಹೊತ್ತನ್ನ ಲೆಕ್ಕಕ್ಕೆ ಹಿಡಿದಿಲ್ಲ, ಆಗ ಅವಳು ಸಾರಿಗೆ ಬೇಳೆ ಇಡ್ತಿದ್ಲು.

90 ಡಜನ್‌ಗೆ 172 ಗಂಟೆ ದಾಟುತ್ತೆ. 4,860 ರೂಪಾಯಿನ ಅದರಿಂದ ಭಾಗಿಸಿ. ಗಂಟೆಗೆ 28 ರೂಪಾಯಿ.

ನಮ್ಮನೆಗೆ ಪಾತ್ರೆ ತೊಳೆಯೋಕೆ ಬರೋ ಅಕ್ಕನಿಗೆ ತಿಂಗಳಿಗೆ 1,500 ಕೊಡ್ತೀವಿ. ದಿನಕ್ಕೆ ಮುಕ್ಕಾಲು ಗಂಟೆ, ತಿಂಗಳಿಗೆ 26 ದಿನ. ಗಂಟೆಗೆ ಸುಮಾರು 77 ರೂಪಾಯಿ ಆಯ್ತು. ಅದೇ ಕಡಿಮೆ ಅಂತ ನಮಗೆ ಗೊತ್ತು. ಅಮ್ಮನದು ಅದರ ಅರ್ಧನೂ ಇಲ್ಲ. ಅದೂ ನಾನು ಇನ್ನೂ ಉಪಕರಣದ ದುಡ್ಡು ತೆಗೆದೇ ಇಲ್ಲ. ಓಟಿಜಿ 6,500, ಎರಡು ಟ್ರೇ 700, ತೂಕದ ಯಂತ್ರ 600. ಒಟ್ಟು 7,800. ಅದನ್ನ ಕಳೆದ್ರೆ ಅಮ್ಮ ಮೂರು ತಿಂಗಳು ನಿಂತು ದುಡಿದು ಇನ್ನೂ 2,940 ರೂಪಾಯಿ ಹಿಂದೆ ಇದ್ಲು. ನಾನು ಹಸಿರು ಬಣ್ಣ ಹಚ್ಚಿದ್ದೆ.

ಇನ್ನೊಂದು ಖರ್ಚು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕರೆಂಟು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಓಟಿಜಿ ಜಾಸ್ತಿ ಉರಿದ ಒಂದು ತಿಂಗಳು ನಾವು ಆ ಗೆರೆ ದಾಟಿದ್ವಿ. ಅಪ್ಪ ಬಿಲ್ ಕಟ್ಟಿದ್ರು, ಯಾರಿಗೂ ಹೇಳಲಿಲ್ಲ. ಅದು ಡೋನಟ್ ಖರ್ಚು ಅಂತ ನಾನು ಬರೆದಿರಲಿಲ್ಲ.

ಇದು ನಮ್ಮನೆ ಒಂದರ ಕಥೆ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನಡೆದಿತ್ತು, ಜನ 24 ಗಂಟೆಯನ್ನ ಹೇಗೆ ಕಳೀತಾರೆ ಅಂತ. ಸಂಬಳವಿಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಆ 299ರ ಮೇಲೆ ನಮ್ಮಮ್ಮ ಡೋನಟ್‌ಗೆ ನಿಂತಿದ್ಲು. ರಾತ್ರಿ ಹಿಮ್ಮಡಿಗೆ ಎಣ್ಣೆ ಹಚ್ಕೊಳ್ಳೋದನ್ನ ನಾನು ನೋಡಿದ್ದೆ. ವಯಸ್ಸು ಅಂದ್ಕೊಂಡಿದ್ದೆ.

ಹೊಸ ಲೆಕ್ಕ

ನಿಲ್ಲಿಸಿಬಿಡೋಣ ಅಂತ ನಾನೇ ಹೇಳಿದೆ. ಅಮ್ಮ ಒಪ್ಪಲಿಲ್ಲ. ‘ನಿಲ್ಲಿಸೋದು ಯಾಕೆ? ಲೆಕ್ಕ ತಪ್ಪಿದ್ರೆ ಲೆಕ್ಕ ತಿದ್ದು. ಡೋನಟ್ ಚೆನ್ನಾಗೇ ಬರ್ತಿದೆ’ ಅಂದ್ಲು.

ಹಾಗಾಗಿ ಮೂರು ಬದಲಾವಣೆ ಮಾಡಿದ್ವಿ. ಒಂದು, ದಿನಾ ಆರ್ಡರ್ ಇಲ್ಲ. ಶುಕ್ರವಾರ, ಶನಿವಾರ ಮಾತ್ರ, ಎರಡು ಡಜನ್ ಒಟ್ಟಿಗೆ. ಓವನ್ ಒಂದೇ ಸಲ ಕಾಯುತ್ತೆ, ತೂಗೋದು ಒಂದೇ ಸಲ, ತೊಳೆಯೋದು ಒಂದೇ ಸಲ. ಎರಡು ಡಜನ್‌ಗೆ 140 ನಿಮಿಷ ಬಂತು. ಅಂದ್ರೆ ಡಜನ್‌ಗೆ 115 ಇದ್ದದ್ದು 70ಕ್ಕೆ ಇಳೀತು. ಎರಡು, ಕೂಲಿ ಗಂಟೆಗೆ 100 ರೂಪಾಯಿ. ಅದ್ದೋದು, ತೊಳೆಯೋದು ನಾನು ಮಾಡ್ತೀನಿ. ಯಾರು ಮಾಡಿದ್ರೂ ನಿಮಿಷ ನಿಮಿಷನೇ, ಅದೇ ದರ. ಮೂರು, ಮನೆಗೆ ತಲುಪಿಸೋದಿಲ್ಲ, ಬಂದು ತಗೊಂಡು ಹೋಗಬೇಕು.

ಈಗ ಡಜನ್ ಲೆಕ್ಕ ಹೀಗಿದೆ. ಸಾಮಾನು, ಬಾಕ್ಸ್, ಕರೆಂಟು ಹಿಂದಿನ 126. ಕೂಲಿ 117. ಓಟಿಜಿ, ಟ್ರೇ ಸವೆಯೋದಕ್ಕೆ 10. ಒಡೆದದ್ದು, ಅಂಟಿದ್ದು, ರುಚಿ ನೋಡೋಕೆ ಅಂತ ತಂಗಿ ತಿಂದದ್ದು, ಇದಕ್ಕೆ 7. ಒಟ್ಟು 260. ಬೆಲೆ ಒಂದಕ್ಕೆ 30, ಡಜನ್‌ಗೆ 360. ಉಳಿದ 100 ನಿಜವಾದ ಲಾಭ. ಲಾಭ ಅಂದ್ರೆ ಕೂಲಿ ಕೊಟ್ಟ ಮೇಲೆ ಉಳಿಯೋದು. ಇದನ್ನ ಕಲಿಯೋಕೆ ನನಗೆ ಮೂರು ವರ್ಷದ ಡಿಗ್ರಿ ಸಾಲಲಿಲ್ಲ.

ಬೆಲೆ ಎರಡರಷ್ಟಾದಾಗ ಗಿರಾಕಿಗಳು ಅರ್ಧಕ್ಕಿಂತ ಜಾಸ್ತಿ ಹೋದ್ರು. ಸುಳ್ಳು ಹೇಳಲ್ಲ, ಆ ಎರಡು ವಾರ ಮನೇಲಿ ಎಲ್ಲರೂ ಸುಮ್ಮನಿದ್ವಿ. ನಮ್ಮ ಬೀದಿಯ ಒಬ್ಬರು ಆಂಟಿ ಬಾಗಿಲಲ್ಲೇ ನಿಂತು ಕೇಳಿದ್ರು, ‘ಮನೇಲೇ ಮಾಡೋದಲ್ವಾ, ಅಂಗಡಿ ಬಾಡಿಗೆ ಇಲ್ಲ, ಆಳಿಲ್ಲ, ಅಷ್ಟ್ಯಾಕೆ?’ ನಾನು ಒಳಗಿಂದ ಕಾಂಪೌಂಡ್ ಬೆಲೆ, ಕೋಕೋ ಬೆಲೆ ಅಂತ ವಿವರಿಸೋಕೆ ಹೊರಟೆ. ಅಮ್ಮ ಅಷ್ಟರಲ್ಲೇ ಹೇಳಿಬಿಟ್ಟಳು, ‘ಆಳಿದ್ದಾಳೆ ಕಣ್ರೀ. ನಾನೇ.’ ನಗ್ತಾನೇ ಹೇಳಿದ್ಲು. ಅವರೂ ನಕ್ಕರು. ಅವತ್ತು ಡೋನಟ್ ತಗೊಳ್ಳಲಿಲ್ಲ. ಆಮೇಲೆ ಮೊಮ್ಮಗನ ನಾಮಕರಣಕ್ಕೆ ಎರಡು ಡಜನ್ ಹೇಳಿದ್ರು.

ಮಾರೋ ಯೋಚನೆ ಇರೋರಿಗೆ ಒಂದು ಮುಖ್ಯ ಮಾತು. ಮನೆಯಿಂದ ಮಾರಿದ್ರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಫಾಸ್ಕಾಸ್ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, 14 ಅಂಕಿಯ ಸಂಖ್ಯೆ ಸಿಗುತ್ತೆ, ಅದನ್ನ ಬಾಕ್ಸ್ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು, ಎಷ್ಟು ದಿನದೊಳಗೆ ತಿನ್ನಬೇಕು ಅಂತ ಬರೀರಿ. ನಾವು ಎರಡು ದಿನ ಅಂತ ಬರೀತೀವಿ. ಮೈದಾ, ಹಾಲು ಕೆಲವರಿಗೆ ಆಗಲ್ಲ. ಅವರಿಗೆ ಅದು ಸುಮ್ಮನೆ ಮಾಹಿತಿ ಅಲ್ಲ.

ಈಗ ವಾರಕ್ಕೆ ನಾಲ್ಕೈದು ಡಜನ್ ಹೋಗುತ್ತೆ. ದೊಡ್ಡ ಬಿಸಿನೆಸ್ ಏನಲ್ಲ. ಓಟಿಜಿ ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಆದ್ರೆ ಪ್ರತಿ ಶನಿವಾರ ಸಂಜೆ ಅಮ್ಮನ ಕೂಲಿಯನ್ನ ಬೇರೆ ತೆಗೆದು ಅವಳ ಕೈಗೆ ಕೊಡ್ತೀನಿ, ಆಮೇಲೆ ಉಳಿದ ಲೆಕ್ಕ. ಅವಳು ಎಣಿಸ್ತಾಳೆ. ಮೊದಮೊದಲು ಮಗ ಕೊಟ್ಟದ್ದನ್ನ ಎಣಿಸೋಕೆ ಸಂಕೋಚ ಪಡ್ತಿದ್ಲು. ಈಗ ನನ್ನ ಮುಂದೇನೇ ಎಣಿಸ್ತಾಳೆ. ಒಂದು ಸಲ ಹತ್ತು ರೂಪಾಯಿ ಕಡಿಮೆ ಇತ್ತು, ಕೇಳಿ ತಗೊಂಡ್ಲು.

ಕೇಳ್ತಿರೋ ನಿಮ್ಮ ಹತ್ರ ಒಂದೇ ಕೋರಿಕೆ. ಈ ಭಾನುವಾರ ಡೋನಟ್ ಮಾಡಿ, ಚೆನ್ನಾಗಿ ಬಂದ್ರೆ ಫೋಟೋ ಕಳಿಸಿ, ಕೆಟ್ರೂ ಕಳಿಸಿ. ನಿಮ್ಮನೇಲಿ ಯಾರಾದ್ರೂ ಹಪ್ಪಳ, ಚಟ್ನಿಪುಡಿ, ಬ್ಲೌಸು, ಟ್ಯೂಷನ್ ಅಂತ ಮನೆಯಿಂದ ಏನಾದ್ರೂ ಮಾರ್ತಿದ್ರೆ, ಅವರ ಪಕ್ಕ ಒಂದು ದಿನ ಕೂತು ನಿಮಿಷ ಬರ್ಕೊಳ್ಳಿ. ಗಂಟೆಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಬಂದ ಅಂಕಿ ಅವರಿಗೆ ತೋರಿಸಿ. ಬೆಲೆ ಏರಿಸೋದು, ಬಿಡೋದು ಅವರ ಇಷ್ಟ. ಗೊತ್ತಿದ್ದು ಕಡಿಮೆಗೆ ಕೊಡೋದು ಬೇರೆ, ಗೊತ್ತಿಲ್ಲದೆ ಕೊಡೋದು ಬೇರೆ.

ಮುಗಿಸೋಕೆ ಮುಂಚೆ ಇನ್ನೊಂದು. ಮೊದಲ ತಿಂಗಳ ಕೂಲಿಯಲ್ಲಿ ಅಮ್ಮ ಏನು ತಗೊಂಡ್ಲು ಗೊತ್ತಾ? ಸೀರೆ ಇರಬಹುದು ಅಂದ್ಕೊಂಡಿದ್ದೆ. ಅಡುಗೆ ಕಟ್ಟೆ ಮುಂದೆ ಹಾಸೋಕೆ ಒಂದು ದಪ್ಪ ರಬ್ಬರ್ ಮ್ಯಾಟ್ ತಂದಿದ್ಲು. ನಿಂತ್ಕೊಂಡು ಕೆಲಸ ಮಾಡುವಾಗ ಹಿಮ್ಮಡಿ ನೋಯದೇ ಇರಲಿ ಅಂತ. ಅದರ ಬಿಲ್ಲನ್ನ ನನ್ನ ಕೈಗೆ ಕೊಟ್ಟು, ‘ಇದು ನನ್ನ ದುಡ್ಡಲ್ಲಿ ತಂದಿದ್ದು. ಆದ್ರೆ ಡೋನಟ್ ಖರ್ಚಿಗೆ ಬರೆದು ವಾಪಸ್ ಕೊಡು’ ಅಂದ್ಲು.

ಬರೆದೆ, ಕೊಟ್ಟೆ.

ಮುಂದಿನ ವಾರ ಸಿಗೋಣ. ನಮಸ್ಕಾರ.